ಪ್ರೂಫ್ ನೋಡುವವರು ಬೇಕಾಗಿದ್ದಾರೆ

ಪ್ರೆಸ್ಸು ಶುರುವಾಗಿ ಹದಿನೆಂಟನೇ ದಿನಕ್ಕೆ ನಾನು ಒಬ್ಬ ಗಂಡಸನ್ನು ಸೌಭಾಗ್ಯವತಿ ಮಾಡಿಬಿಟ್ಟೆ. 600 ಲಗ್ನಪತ್ರಿಕೆ. ವಧುವಿನ ಹೆಸರಿನ ಹಿಂದೆ ಇರಬೇಕಾದ 'ಚಿ|| ಸೌ||' ವರನ ಪಾಲಿಗೆ ಹೋಗಿತ್ತು, ವರನ 'ಚಿ|| ರಾ||' ವಧುವಿಗೆ ಬಂದಿತ್ತು. ಹುಡುಗಿಯ ಸೋದರಮಾವ ಅರಿಸಿನ ಕುಂಕುಮದ ಪೊಟ್ಟಣ ಜೊತೆಗೇ ತಂದಿದ್ದರು. ಕಟ್ಟು ಬಿಚ್ಚಿ, ಮೊದಲ ಕಾರ್ಡಿನ ಮೂಲೆಗೆ ಹಚ್ಚಲೆಂದು ಬೆರಳು ಅದ್ದಿದವರು ಹಾಗೇ ನಿಂತರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬೈಯಲಿಲ್ಲ. "ಹುಡುಗ ಬಹಳ ಒಳ್ಳೆಯವನು ಅಂತ ಕೇಳಿದ್ವಿ ಸ್ವಾಮಿ, ಇಷ್ಟೊಂದು ಅಂತ ಗೊತ್ತಿರಲಿಲ್ಲ" ಅಂದರು.

ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಖಾಲಿ ಕಾರ್ಡುಗಳನ್ನು ರಾತ್ರಿ ಬಸ್ಸಿಗೆ ಹಾಕಿಸಿಕೊಂಡು, ಬೆಳಗಾಗುವುದರೊಳಗೆ ಮತ್ತೆ ಅಚ್ಚು ಹಾಕಿಕೊಟ್ಟೆ. ಲಾಭ ಹೋಯಿತು, ಅಸಲಿನಲ್ಲೂ ಒಂದಿಷ್ಟು ಹೋಯಿತು. ಅದು ಹಾಳಾಗಲಿ, ಅದರ ಜೊತೆಗೆ ನಿದ್ದೆಯೂ ಹೋಯಿತು. ಸ್ವಂತ ಉದ್ಯೋಗ ಮಾಡುವವನ ತಲೆ ಕೆಡುವುದು ನಷ್ಟದಿಂದ ಅಂತ ಹೊರಗಿನವರು ತಿಳಿದಿರುತ್ತಾರೆ. ನಷ್ಟಕ್ಕೆ ಲೆಕ್ಕವಿದೆ. ಗೆರೆ ಎಳೆದು ಕೂಡಿದರೆ ಒಂದು ಮೊತ್ತ ಬರುತ್ತದೆ, ನುಂಗಿಕೊಳ್ಳಬಹುದು. ನನ್ನ ತಲೆ ಕೆಟ್ಟದ್ದು ಬೈಯುವುದಕ್ಕೆ ಯಾರೂ ಸಿಗದೆ.

ಅದಕ್ಕೆ ಮುಂಚೆ ಹದಿಮೂರು ವರ್ಷ ಬೆಂಗಳೂರಿನ ಒಂದು ಜಾಹೀರಾತು ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡಿದ್ದೆ. ಅಲ್ಲಿ ನನಗೊಬ್ಬ ಮ್ಯಾನೇಜರ್ ಇದ್ದ. ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಟೀ ಕುಡಿಯುತ್ತ ನಾವು ಐದಾರು ಜನ ಅವನನ್ನು ನಿಯಮವಾಗಿ ಬೈಯುತ್ತಿದ್ದೆವು. ಸಂಬಳ ತಡವಾದರೆ ಅವನ ತಪ್ಪು, ಕ್ಲೈಂಟಿಗೆ ಬಣ್ಣ ಒಪ್ಪಿಗೆಯಾಗದಿದ್ದರೆ ಅವನ ತಪ್ಪು, ಮಳೆ ಬಂದು ಟ್ರಾಫಿಕ್ ನಿಂತರೂ ಹೇಗೋ ಸುತ್ತಿಸಿ ಅವನ ತಲೆಗೇ ತಂದು ಕಟ್ಟುತ್ತಿದ್ದೆವು. ಮನೆಗೆ ಹೋಗುವಾಗ ಮನಸ್ಸು ಸ್ವಚ್ಛ. ಆ ಪುಣ್ಯಾತ್ಮ ಎಂಥ ಔಷಧಿ ಎಂದು ಆಗ ತಿಳಿಯಲಿಲ್ಲ. ತಿಪಟೂರಿಗೆ ಬಂದು ಸ್ವಂತ ಬೋರ್ಡು ಹಾಕಿದ ಮೇಲೆ, ಬೈಯುವವನೂ ಬೈಸಿಕೊಳ್ಳುವವನೂ ಒಂದೇ ತಟ್ಟೆಯಲ್ಲಿ ಉಣ್ಣತೊಡಗಿದರು. ರಾತ್ರಿ ಎರಡು ಗಂಟೆಗೆ ಇಬ್ಬರಿಗೂ ಎಚ್ಚರ.

ಬೋರ್ಡು ಹಾಕಿದ್ದು 2015ರಲ್ಲಿ. ಆ ವರ್ಷದ ಏಪ್ರಿಲ್ 8ಕ್ಕೆ ಮುದ್ರಾ ಸಾಲದ ಯೋಜನೆ ಬಂದಿತ್ತು. 50,000 ರೂಪಾಯಿವರೆಗೆ ಸಾಲ ತೆಗೆದುಕೊಂಡರೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ನನಗೆ ಆಗ 38 ವರ್ಷ, ಕಿವಿಯ ಹತ್ತಿರ ನರೆ ಬಂದಿತ್ತು. ಬ್ಯಾಂಕಿನವರು ಫಾರಂ ನೋಡಿ "ನೀವು ಕಿಶೋರ" ಅಂದರು. ಮನೆಗೆ ಬಂದು ಹೇಳಿದಾಗ ನನ್ನವಳು, "ನಾನು ಹೇಳಿದಾಗ ಒಪ್ಪಿರಲಿಲ್ಲ, ಈಗ ಬ್ಯಾಂಕೇ ಹೇಳ್ತಲ್ಲ" ಅಂದಳು.

ಆ ಸಾಲದಲ್ಲಿ ಒಂದು ಹಳೆಯ ಮಿನಿ ಆಫ್‌ಸೆಟ್ ಮಷೀನು, ಒಂದು ಕಟಿಂಗ್ ಮಷೀನು, ನುಡಿ ತಂತ್ರಾಂಶ ಹಾಕಿದ ಒಂದು ಕಂಪ್ಯೂಟರು ಬಂದವು. ಬಾಡಿಗೆಗೆ ಹಿಡಿದ ಮಳಿಗೆಯಲ್ಲಿ ಮೊದಲೂ ಒಂದು ಪ್ರೆಸ್ಸಿತ್ತು. ಅದರ ಮಾಲೀಕರು ಮುಚ್ಚಿಕೊಂಡು ಹೋಗುವಾಗ ಎರಡನ್ನು ಬಿಟ್ಟುಹೋಗಿದ್ದರು: ತುಕ್ಕು ಹಿಡಿದ ಒಂದು ಟ್ರೆಡಲ್ ಮಷೀನು, ಮತ್ತು ಅದರ ಜೊತೆಗೆ ನಲವತ್ತು ವರ್ಷ ಬಾಳಿದ ಕಂಪಾಸಿಟರ್ ಅಜ್ಜ. ಟ್ರೆಡಲನ್ನು ಗುಜರಿಗೆ ಹಾಕಬಹುದಿತ್ತು. ಅಜ್ಜ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಂದಿನಂತೆ ಬಂದು, ಬಾಗಿಲಿಗೆ ನೀರು ಹಾಕಿ, ಸ್ಟೂಲ್ ಎಳೆದು ಕೂತರು. ಕೆಲಸಕ್ಕೆ ಸೇರಿಸಿಕೊಳ್ಳುವ ಮಾತೇ ಬರಲಿಲ್ಲ. ನನ್ನನ್ನೇ ಅವರು ಸೇರಿಸಿಕೊಂಡಂತಿತ್ತು.

ಅಚ್ಚುಮೊಳೆಗಳಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅಜ್ಜನಿಗೆ ಹಾಗೆ ಓದಿಯೇ ರೂಢಿ. ಈಗ ಅವರ ಕೆಲಸ ಬಿಲ್ ಬುಕ್ಕುಗಳಿಗೆ ನಂಬರ್ ಹೊಡೆಯುವುದು, ಹಾಳೆ ಮಡಿಸುವುದು, ಹೊಲಿಯುವುದು. ಚಿ|| ಸೌ|| ವರನ ಘಟನೆಯ ಬೆಳಿಗ್ಗೆ ಅವರು ಹೇಳಿದ್ದು ಒಂದೇ ಮಾತು: "ಜೋಡಿಸ್ದೋನು ಪ್ರೂಫ್ ನೋಡ್ಬಾರದು ಸಾಮಿ. ಕೈ ಮಾಡಿದ ತಪ್ಪನ್ನ ಅದೇ ಮೈನ ಕಣ್ಣು ಮುಚ್ಚಾಕ್ತದೆ." ಹಳೆಯ ಪ್ರೆಸ್ಸುಗಳಲ್ಲಿ ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಕರಡಚ್ಚಿನ ಮೇಲೆ ಬೆರಳಿಟ್ಟು ಬರುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಓದುವ ಹುಡುಗನ ಸಂಬಳ ಉಳಿಯಿತು, ತಪ್ಪುಗಳೂ ಉಳಿದುಕೊಂಡವು.

ಅಜ್ಜನ ಮಾತನ್ನು ನಾನು ಲಗ್ನಪತ್ರಿಕೆಯ ಮಟ್ಟಿಗೆ ಮಾತ್ರ ಪಾಲಿಸಿದೆ. ನನ್ನ ಮಟ್ಟಿಗೂ ಅದೇ ಮಾತು ಸಲ್ಲುತ್ತದೆ ಎಂದು ಹೊಳೆಯಲು ಎಂಟು ವರ್ಷ ಹಿಡಿಯಿತು.

ಆ ಎಂಟು ವರ್ಷ ತಲೆಯೊಳಗೆ ನಾನೇ ಜೋಡಿಸಿದ್ದನ್ನು ನಾನೇ ಓದಿಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ನನ್ನವಳು "ಸಾರು ಹಾಕಲಾ?" ಎಂದರೆ "ಎಷ್ಟು ಪ್ರತಿ?" ಅನ್ನುತ್ತಿದ್ದೆ. ಮಲಗಿದರೆ ಮಷೀನು ಹಾಳೆ ಎಳೆಯುವ ಸದ್ದು ಕಿವಿಯಲ್ಲಿ. ನಡುವೆ ಒಂದು ತಾಳ ತಪ್ಪಿದಂತಾದರೆ, ಎರಡು ಹಾಳೆ ಒಟ್ಟಿಗೆ ಹೋಯಿತೆಂದು ಎದ್ದು ಕೂರುತ್ತಿದ್ದೆ. ಆಷಾಢ ಬಂತೆಂದರೆ ಮದುವೆಗಳಿಲ್ಲ, ಮಷೀನಿಗೆ ಬಟ್ಟೆ ಮುಚ್ಚಿ ಎದುರಿಗೆ ಕೂತು, ಇನ್ನು ಈ ಊರಿನಲ್ಲಿ ಯಾರೂ ಮದುವೆಯಾಗುವುದೇ ಇಲ್ಲವೇನೋ ಎಂದು ಹೆದರುತ್ತಿದ್ದೆ. ಪ್ರತಿ ವರ್ಷ ಆಷಾಢದ ಹಿಂದೆಯೇ ಶ್ರಾವಣ ಬರುತ್ತದೆ ಎಂಬುದು ಪಂಚಾಂಗ ಅಚ್ಚು ಹಾಕುವವನಿಗೂ ಗೊತ್ತಾಗುತ್ತಿರಲಿಲ್ಲ ಎಂದರೆ ನೀವೇ ಊಹಿಸಿ.

ಪುತ್ತೂರಿನಲ್ಲಿ ಅಚ್ಚುಕೂಟ ಇಟ್ಟಿದ್ದ ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಅವರಿಗೆ ಕಾರಣಗಳು ಬೇರೆ ಇದ್ದಾವು. ಆ ಹತ್ತರಲ್ಲಿ ಒಂದಾದರೂ ಪೇಪರ್ ಅಂಗಡಿಯ ಬಾಕಿ ನೋಡಿ ಮೂಡಿದ ಮುಖ ಎಂಬುದು ನನ್ನ ವೃತ್ತಿಪರ ಅನುಮಾನ.

2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ ಕಾರ್ತಿಕದ ಮದುವೆಗಳು ಎದುರಿಗಿದ್ದವು. ಕಾರ್ಡು ತೆಗೆದುಕೊಂಡು ಹೋದವರು ದುಡ್ಡಿನ ಬದಲು ಬ್ಯಾಂಕಿನ ಕ್ಯೂ ಎಷ್ಟುದ್ದವಿತ್ತೆಂದು ಹೇಳಿ ಹೋದರು. ಅದಾಗಿ ಎಂಟು ತಿಂಗಳಿಗೆ, 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂತು. ಈ ಜುಲೈ 1ರ ಬಗ್ಗೆ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಅದು ಪತ್ರಿಕಾ ದಿನ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದರು. ವೈದ್ಯರ ದಿನವೂ ಅಂದೇ. ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಹುಟ್ಟಿದ್ದು 1949ರ ಜುಲೈ 1, ಹಾಗಾಗಿ ಆಡಿಟರುಗಳ ದಿನವೂ ಅದೇ. ಸಾಲದೆಂದು ಸಣ್ಣ ಉದ್ಯಮದವರ 'ಉದ್ಯಮ್' ನೋಂದಣಿ ಶುರುವಾದದ್ದು 2020ರ ಜುಲೈ 1ಕ್ಕೆ. ಅಚ್ಚು, ತೆರಿಗೆ, ಆಡಿಟರು, ಡಾಕ್ಟರು ನಾಲ್ವರನ್ನೂ ಒಂದೇ ಮನೆಯಲ್ಲಿ ಕೂರಿಸಿ ನಮ್ಮಂಥವರ ಜಾತಕ ಬರೆದ ಜೋಯಿಸ ಯಾರೋ, ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ.

ನಿಜ ಹೇಳಬೇಕೆಂದರೆ ಜಿಎಸ್‌ಟಿಯಿಂದ ಊರಿಗೆಲ್ಲ ತಲೆನೋವಾದಾಗ ನನಗೆ ಆರ್ಡರು ಬಂತು. ಹಳೆಯ ಬಿಲ್ ಬುಕ್ಕುಗಳೆಲ್ಲ ಒಂದೇ ರಾತ್ರಿಗೆ ರದ್ದಿ. ಪ್ರತಿ ಅಂಗಡಿಗೂ 15 ಅಂಕಿ ಅಕ್ಷರಗಳ ನಂಬರ್ ಹಾಕಿದ ಹೊಸ ಬುಕ್ಕು ಬೇಕು. ಅಜ್ಜ ಸ್ಟೂಲ್ ಮೇಲೆ ಕೂತು, ಬಂದ ಗಿರಾಕಿಯ ಕೈಯಿಂದಲೇ ಅವರ ನಂಬರನ್ನು ಗಟ್ಟಿಯಾಗಿ ಓದಿಸಿ, ಪ್ರೂಫಿನ ಮೇಲೆ ಬೆರಳಿಟ್ಟು ಬರುತ್ತಿದ್ದರು. ಆ ಮೂರು ತಿಂಗಳಲ್ಲಿ ನಮ್ಮಲ್ಲಿ ಒಂದಂಕಿಯೂ ತಪ್ಪಲಿಲ್ಲ. ಆದರೆ ನಾನು ಮಾತ್ರ 11ನೇ ತಾರೀಖು ಒಂದು ರಿಟರ್ನ್, 20ನೇ ತಾರೀಖು ಇನ್ನೊಂದು ಎಂದು ತಿಂಗಳನ್ನೇ ಎರಡು ಏಕಾದಶಿಗಳ ಹಾಗೆ ಬದುಕತೊಡಗಿದೆ. ಉಪವಾಸ ಮಾತ್ರ ಎಲ್ಲ ದಿನ.

ಉದ್ರಿಯ ಮಾತು ತೆಗೆದರೆ ಈ ಪ್ರಬಂಧ ಮುಗಿಯುವುದಿಲ್ಲ. 'ಇಂದು ನಗದು ನಾಳೆ ಉದ್ರಿ' ಎಂಬ ಬೋರ್ಡನ್ನೇ ನನ್ನಲ್ಲಿ ಉದ್ರಿಗೆ ಮಾಡಿಸಿಕೊಂಡು ಹೋದವರಿದ್ದಾರೆ. ಸಣ್ಣ ಉದ್ಯಮಗಳಿಂದ ಸರಕು ಕೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಿ ಕೊಡಬೇಕು ಎಂದು 2006ರ ಕಾಯಿದೆ ಇದೆ. ಇದೆ, ಸರಿ. ಬೆಳಿಗ್ಗೆ ಹಾಲಿನ ಬೂತಿನಲ್ಲಿ, ಸಂಜೆ ದೇವಸ್ಥಾನದಲ್ಲಿ, ನಡುವೆ ಮಗಳ ಸ್ಕೂಲಿನ ಗೇಟಿನಲ್ಲಿ ಸಿಕ್ಕುವ ಮನುಷ್ಯನಿಗೆ ಕಾಯಿದೆಯ ಕಲಮು ಹೇಳಿ ಊರಿನಲ್ಲಿ ಬಾಳುವೆ ಮಾಡಲಾಗುತ್ತದೆಯೆ? ಚುನಾವಣೆ ಬಂದರಂತೂ ಇನ್ನೊಂದು ಪುರಾಣ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 127ಎ ಕಲಮಿನಂತೆ ಕರಪತ್ರದ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲೂ ಆಗಬಹುದು. ನನ್ನ ಹೆಸರು ಇರಬೇಕೆಂದು ಕಾನೂನಿದೆ, ನನ್ನ ದುಡ್ಡು ಬರಬೇಕೆಂದು ಯಾರೂ ಬರೆದಿಲ್ಲ. ಗೆದ್ದವರು ಕೈಗೆ ಸಿಗುವುದಿಲ್ಲ, ಸೋತವರು ಮುಖ ತೋರಿಸುವುದಿಲ್ಲ.

2020 ಬಂತು, ಹೋಯಿತು. ಮಾರ್ಚ್ 25ಕ್ಕೆ ಬಾಗಿಲು ಹಾಕಿದಾಗ ನನ್ನ ಟೇಬಲ್ ಮೇಲೆ ಒಯ್ಯದೆ ಉಳಿದ ಹನ್ನೊಂದು ಮದುವೆಗಳಿದ್ದವು. ಬಾಗಿಲು ತೆಗೆದ ಮೇಲೆ ಮದುವೆಗೆ ಐವತ್ತೇ ಜನ, ಐವತ್ತು ಜನಕ್ಕೆ ವಾಟ್ಸ್ಆ್ಯಪ್ ಸಾಕು. ಮುಂದಿನ ವರ್ಷ ಬೇಸಿಗೆಯಲ್ಲಿ ಹಾಕಿದ ಕಾರ್ಡುಗಳ ಬಗ್ಗೆ ಬರೆಯುವುದಿಲ್ಲ. ಅವಕ್ಕೆ ಕಪ್ಪು ಇಂಕು ಮಾತ್ರ ಸಾಕಾಗುತ್ತಿತ್ತು. ಆಶ್ಚರ್ಯವೆಂದರೆ ಆ ಎರಡು ವರ್ಷ ನನ್ನ ತಲೆ ಕೆಡಲಿಲ್ಲ. ಇಡೀ ಬೀದಿಗೆ ಒಂದೇ ಕಷ್ಟ, ಎಲ್ಲರೂ ಒಟ್ಟಿಗೆ ಬೈಯಲು ಒಂದು ವೈರಸ್ ಇತ್ತು. ಹಳೆಯ ಮ್ಯಾನೇಜರ್ ವಾಪಸ್ ಬಂದಂತಿತ್ತು.

ಕೆಟ್ಟದ್ದು 2023ರಲ್ಲಿ, ಲೋಕವೆಲ್ಲ ಸರಿಹೋದ ಮೇಲೆ.

ನಮ್ಮ ತಿಪಟೂರಿನ ನಾಡಿ ನೋಡಬೇಕಾದರೆ ಕೊಬ್ಬರಿ ಮಾರುಕಟ್ಟೆಗೆ ಹೋಗಬೇಕು. ಕೊಬ್ಬರಿ ರೇಟು ಏರಿದರೆ ಲಗ್ನಪತ್ರಿಕೆ ದಪ್ಪಗಾಗುತ್ತದೆ, ಅದರ ಮೇಲೆ ಗಣಪತಿ ಚಿನ್ನದ ಬಣ್ಣದಲ್ಲಿ ಉಬ್ಬಿ ಕೂರುತ್ತಾನೆ. ರೇಟು ಇಳಿದರೆ ಗಣಪತಿ ಒಂದೇ ಬಣ್ಣಕ್ಕೆ ಇಳಿಯುತ್ತಾನೆ. ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದು ಸರ್ಕಾರ ಹೇಳಿತ್ತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಸಾವಿರ ಕಾರ್ಡು ಹಾಕಿಸುವ ಮನೆಯವರು ಮುನ್ನೂರಕ್ಕೆ ಬಂದರು. "ಮಾಗಿಗೆ ನೋಡೋಣ" ಎಂದು ಮದುವೆಯನ್ನೇ ಮುಂದಕ್ಕೆ ಹಾಕಿದವರೂ ಇದ್ದರು. ಮೇ ತಿಂಗಳ ವಿಧಾನಸಭಾ ಚುನಾವಣೆಯ ಬಾಕಿ ಹಾಗೇ ನಿಂತಿತ್ತು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ರಾತ್ರಿ ಹನ್ನೊಂದಾದರೂ ಶಟರ್ ಅರ್ಧ ಎಳೆದು ಒಳಗೆ ಕೂತಿರುತ್ತಿದ್ದೆ. ಕೆಲಸವಿರಲಿಲ್ಲ. ಕೆಲಸವಿಲ್ಲವೆಂದು ಮನೆಯವರಿಗೆ ತಿಳಿಯಬಾರದೆಂದು ಕೂತಿರುತ್ತಿದ್ದೆ. ಮಗಳಿಗೆ ಒಂದು ದಿನ ಪೆನ್ಸಿಲ್ ಕಳೆದದ್ದಕ್ಕೆ ಕೈಯೆತ್ತಿದೆ. ಎತ್ತಿದ ಕೈ ನಡುಗುತ್ತಿತ್ತು.

ಅಕ್ಟೋಬರ್ ಮೊದಲ ವಾರ ಒಂದು ಆರ್ಡರ್ ಬಂತು. 10ನೇ ತಾರೀಖು ವಿಶ್ವ ಮಾನಸಿಕ ಆರೋಗ್ಯ ದಿನ, ಹಂಚುವುದಕ್ಕೆ 2,000 ಕರಪತ್ರ. ಟೆಲಿ ಮನಸ್ ಎಂಬ ಸಹಾಯವಾಣಿಯ ನಂಬರು, 14416, ದಪ್ಪಕ್ಷರದಲ್ಲಿ ಬರಬೇಕು. ಹಿಂದಿನ ವರ್ಷ ಅದೇ ದಿನ ಶುರುವಾದದ್ದು, ನಮ್ಮ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ ನಡೆಯುತ್ತದೆ, ದಿನದ ಇಪ್ಪತ್ನಾಲ್ಕು ಗಂಟೆಯೂ ಯಾರಾದರೂ ಫೋನ್ ಎತ್ತುತ್ತಾರೆ, ದುಡ್ಡಿಲ್ಲ ಎಂದೆಲ್ಲ ಕಂಪೋಸ್ ಮಾಡಿದೆ. ನಮ್ಮ ಪ್ರೆಸ್ಸಿನಲ್ಲಿ ಫೋನ್ ನಂಬರ್ ಇರುವ ಯಾವ ಕೆಲಸ ಬಂದರೂ ಪ್ಲೇಟ್ ಮಾಡುವ ಮುಂಚೆ ಆ ನಂಬರಿಗೆ ಡಯಲ್ ಮಾಡಿ ನೋಡುವುದು ಅಜ್ಜ ಹಾಕಿಕೊಟ್ಟ ಪದ್ಧತಿ. ಹಿಂದೊಮ್ಮೆ ಹೋಟೆಲಿನ ಹ್ಯಾಂಡ್‌ಬಿಲ್ಲಿನಲ್ಲಿ ಒಂದಂಕಿ ಹೆಚ್ಚುಕಡಿಮೆಯಾಗಿ, ರಿಟೈರ್ ಆದ ಮೇಷ್ಟರೊಬ್ಬರು ಆರು ತಿಂಗಳು ಬಿರಿಯಾನಿ ಆರ್ಡರ್ ತೆಗೆದುಕೊಂಡಿದ್ದರು.

ರಾತ್ರಿ ಹತ್ತೂವರೆ. ಅಜ್ಜ ಹೋಗಿಯಾಗಿತ್ತು. ಡಯಲ್ ಮಾಡಿದೆ. ಭಾಷೆ ಯಾವುದೆಂದು ಕೇಳಿತು, ಕನ್ನಡ ಒತ್ತಿದೆ. ಒಬ್ಬ ಹೆಣ್ಣುಮಗಳು "ನಮಸ್ಕಾರ, ಹೇಳಿ" ಅಂದಳು. "ಏನಿಲ್ಲಮ್ಮ, ನಂಬರ್ ಸರಿ ಇದೆಯಾ ಅಂತ ನೋಡ್ದೆ, ಕರಪತ್ರ ಅಚ್ಚು ಹಾಕ್ತಿದೀನಿ" ಅಂದೆ. ಆಕೆ, "ಸರಿ ಇದೆ ಸರ್" ಎಂದು ಒಂದು ಗಳಿಗೆ ಸುಮ್ಮನಿದ್ದು, "ಇಷ್ಟು ಹೊತ್ತಲ್ಲೂ ಕೆಲಸ ಮಾಡ್ತಿದೀರಾ?" ಅಂದಳು.

ಅಷ್ಟೇ ಅವಳು ಕೇಳಿದ್ದು. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಕೊಬ್ಬರಿ, ಚುನಾವಣೆ, ಪೇಪರ್ ಅಂಗಡಿ, ಅರ್ಧ ಎಳೆದ ಶಟರ್, ಕೊನೆಗೆ ಪೆನ್ಸಿಲ್. ಹೇಳುತ್ತ ಹೇಳುತ್ತ ನನಗೇ ಕೇಳಿಸಿತು, ಎಲ್ಲಿ ಅಕ್ಷರ ತಪ್ಪಿದೆ ಎಂದು. ಬಾಕಿ ಬರಬೇಕಾದ ಮೊತ್ತ ನಾನು ಕೊಡಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಎಂಟು ವರ್ಷದಲ್ಲಿ ಬ್ಯಾಂಕಿನ ಸಾಲ ತೀರಿತ್ತು. ಇವೆರಡನ್ನೂ ನಾನು ಪ್ರತಿ ರಾತ್ರಿ ಓದಿಕೊಳ್ಳುತ್ತಿದ್ದೆ, ಆದರೆ 'ಮುಳುಗಿದೆ' ಎಂದೇ ಓದಿಕೊಳ್ಳುತ್ತಿದ್ದೆ. ಆಕೆ ಹೇಳಿದ್ದು ಹೆಚ್ಚೇನಿಲ್ಲ: ನಿದ್ದೆ ಹೀಗೇ ಮುಂದುವರಿದರೆ ಡಾಕ್ಟರನ್ನು ನೋಡಿ, ಈಗ ಹೇಳಿದ್ದನ್ನೆಲ್ಲ ಮನೆಯಲ್ಲಿ ಒಬ್ಬರಿಗೆ ಹೇಳಿ. ಎರಡನ್ನೂ ಮಾಡಿದೆ. ಡಾಕ್ಟರು ಒಂದು ತಿಂಗಳಿಗೆ ಮಾತ್ರೆ ಕೊಟ್ಟರು. ನನ್ನವಳು ಎಲ್ಲವನ್ನೂ ಕೇಳಿ, "ಪೆನ್ಸಿಲ್ ವಿಷಯ ನಂಗೆ ಆವತ್ತೇ ಗೊತ್ತಿತ್ತು ಕಣ್ರೀ" ಅಂದಳು.

ಆಮೇಲೆ ಅವಳು ಪ್ರೆಸ್ಸಿನ ಲೆಕ್ಕದ ಪುಸ್ತಕವನ್ನು ಮನೆಗೆ ತರಿಸಿಕೊಂಡಳು. ಈಗ ಪ್ರತಿ ಭಾನುವಾರ ಸಂಜೆ ನಾನು ಬಿಲ್ಲುಗಳನ್ನು ಗಟ್ಟಿಯಾಗಿ ಓದುತ್ತೇನೆ, ಅವಳು ಪುಸ್ತಕದ ಮೇಲೆ ಬೆರಳಿಟ್ಟು ಬರುತ್ತಾಳೆ. ಮೊದಲ ಭಾನುವಾರವೇ ಒಂದು ಮುದ್ರಣದೋಷ ಹಿಡಿದಳು: ಎಲ್ಲರಿಗೂ ಸಂಬಳ ಬರೆದಿದೆ, ನಿಮ್ಮ ಹೆಸರೇ ಇಲ್ಲವಲ್ಲ? ಬೇಕಾದಾಗ ಗಲ್ಲಾದಿಂದ ತೆಗೆದುಕೊಳ್ಳುತ್ತೇನೆ ಎಂದೆ. "ಹಂಗಾದ್ರೆ ನೀವು ಮಾಲೀಕರಲ್ಲ, ಕಳ್ಳರು" ಅಂದಳು. ಈಗ ಒಂದನೇ ತಾರೀಖು ನನಗೂ ಸಂಬಳವಿದೆ, ಅಜ್ಜನಿಗಿಂತ ಸ್ವಲ್ಪ ಹೆಚ್ಚು. ಸಹಿ ಹಾಕಿ ತೆಗೆದುಕೊಳ್ಳಬೇಕು. ಗಲ್ಲಾದಲ್ಲಿ ದುಡ್ಡು ತುಂಬಿದ ದಿನ ನಾನು ಶ್ರೀಮಂತನಲ್ಲ, ಖಾಲಿಯಿರುವ ದಿನ ಭಿಕಾರಿಯಲ್ಲ, ಅದು ಪ್ರೆಸ್ಸಿನ ಹಣೆಬರಹ.

ಎದುರು ಸಾಲಿನಲ್ಲಿ ಇನ್ನೊಂದು ಪ್ರೆಸ್ಸಿದೆ. ಎಂಟು ವರ್ಷ ಅದರ ಮಾಲೀಕರನ್ನು ಶತ್ರುವೆಂದೇ ನೋಡಿದ್ದೆ. ಅವರೂ ನನ್ನನ್ನು ಹಾಗೇ ನೋಡಿದ್ದರಂತೆ. ಈಗ ನಾಲ್ಕು ಗಂಟೆಗೆ ಇಬ್ಬರೂ ಒಂದೇ ಗಾಡಿಯ ಹತ್ತಿರ ಟೀ ಕುಡಿಯುತ್ತೇವೆ. ದುಡ್ಡು ಕೊಡದ ಗಿರಾಕಿಗಳ ಪಟ್ಟಿ ಅದಲುಬದಲು ಮಾಡಿಕೊಂಡೆವು. ಅರ್ಧಕ್ಕರ್ಧ ಹೆಸರು ಒಂದೇ. ಈ ಸ್ನೇಹದಿಂದ ನನಗಾದಷ್ಟು ಉಪಕಾರ ಮಾತ್ರೆಯಿಂದ ಆಗಲಿಲ್ಲ. ಹಾಗೆಂದು ಡಾಕ್ಟರಿಗೆ ಹೇಳಬೇಡಿ.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ನಾವು ಆಕೆಯ ಭಕ್ತಿಯ ಕಥೆಯೆಂದು ಓದುತ್ತೇವೆ. ನನಗೆ ಈಗ ಅನಿಸುವುದು, ಆಕೆ ಗಂಡನ ಪ್ರೂಫ್ ನೋಡುತ್ತಿದ್ದಳು. ಆಯುವವನಿಗೆ ಕಾಳು ಮಾತ್ರ ಕಾಣುತ್ತದೆ, ಮೂಟೆಯ ಭಾರ ಕಾಣುವುದು ಬಾಗಿಲಲ್ಲಿ ನಿಂತವರಿಗೆ. 2025ರಲ್ಲಿ ಕೊಬ್ಬರಿ ಯಾರೂ ಕಂಡಿರದ ಬೆಲೆಗೆ ಏರಿ, ಗಣಪತಿಗಳೆಲ್ಲ ಮತ್ತೆ ಚಿನ್ನದ ಬಣ್ಣಕ್ಕೆ ಬಂದಾಗ, ಎರಡನೇ ಮಷೀನು ತರೋಣವೆಂದು ನಾನು ಕುಣಿದೆ. ಭಾನುವಾರದ ಸಭೆಯಲ್ಲಿ ಅದು ಬಿದ್ದುಹೋಯಿತು. ಸರಿಯೋ ತಪ್ಪೋ ಇನ್ನೂ ತಿಳಿದಿಲ್ಲ. ನನಗೆ ಸ್ವಲ್ಪ ಸಿಟ್ಟೂ ಇದೆ.

ಈ ಬರಹವನ್ನೂ ಅಜ್ಜನ ಕೈಗೆ ಕೊಟ್ಟಿದ್ದೆ. ಭೂತಗನ್ನಡಿ ಹಿಡಿದು ಓದಿ, ನಾಲ್ಕು ಒತ್ತಕ್ಷರ ತಿದ್ದಿದರು. ಐದನೇ ಕಡೆ ಗುರುತು ಹಾಕಿ, "ಇಲ್ಲಿ ನಲವತ್ತು ವರ್ಷ ಅಂತ ಬರ್ದಿದೀರಿ. ನಲವತ್ಮೂರು" ಅಂದರು. ಮೇಲೆ ತಿದ್ದಿಲ್ಲ, ಇಲ್ಲಿ ತಿದ್ದಿಕೊಳ್ಳಿ.

ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಬನ್ನಿ. ಅರ್ಧ ಅಡ್ವಾನ್ಸ್ ತನ್ನಿ. ಪ್ರೂಫ್ ನೋಡಲು ಮದುವೆ ಹುಡುಗಿಯನ್ನೇ ಕರೆದುಕೊಂಡು ಬನ್ನಿ. ಪ್ರೆಸ್ಸು ಬೆಳಿಗ್ಗೆ 9ರಿಂದ ರಾತ್ರಿ 7ರವರೆಗೆ, ಮಂಗಳವಾರ ರಜೆ.